ಹೊಸದಕ್ಕೆ ಬೆಣ್ಣೆ

ಉಲಾನ್‌ಬಾತರ್, ಮೈನಸ್ ಮೂವತ್ತೊಂದು.
ನರಾನ್‌ತುಲ್ ಸಂತೆಯಿಂದ ಮನೆಯವರೆಗೆ
ಮದರ್‌ಬೋರ್ಡನ್ನು ಎದೆಗವಚಿ ತಂದೆ
ಕುರಿಚರ್ಮದ ನಿಲುವಂಗಿಯೊಳಗೆ.
ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟಳು,
ಹಸುಗೂಸು ಅಂದುಕೊಂಡು.
ನಾನೂ ಅಲ್ಲವೆನ್ನಲಿಲ್ಲ. ಕಾಲು ನೋಯುತ್ತಿತ್ತು.

ಏಳು ತಿಂಗಳಿಂದ ಹೀಗೆ ಒಂದೊಂದೇ ಬಂದಿವೆ:
ಜೂನ್‌ನಲ್ಲಿ ಪೆಟ್ಟಿಗೆ, ಒಂದು ಮೂಲೆ ಜಜ್ಜಿದ್ದು,
ರ್‍ಯಾಮ್‌ನ ಎರಡು ಪಟ್ಟಿ, ಒಂದೇ ತಾಯಿಯವಲ್ಲ,
ಪವರ್ ಸಪ್ಲೈ, ಅದೊಂದು ಮಾತ್ರ ಹೊಸದು.
"ಅದರಲ್ಲಿ ಜುಗ್ಗತನ ಮಾಡಿದರೆ ಉಳಿದದ್ದೆಲ್ಲ ಬೂದಿ"
ಅಂದಿದ್ದ ಅಂಗಡಿಯ ಗಾಂಜೋರಿಗ್, ಮೂಗು ಒರೆಸುತ್ತ.

ತಂದ ತಕ್ಷಣ ಬಿಚ್ಚುವಂತಿಲ್ಲ.
ಹೊರಗಿನ ಚಳಿ ಕುಡಿದ ಲೋಹ
ಒಲೆಯ ಬಿಸಿಗೆ ಬೆವರುತ್ತದೆ.
ಕೂತೆವು ನಾನೂ ಅತ್ತೆ ದುಲ್ಮಾನೂ
ಮೂರು ಗಂಟೆ, ಉಪ್ಪಿನ ಹಾಲುಚಹಾ ಕುಡಿಯುತ್ತ,
ದೂರದಿಂದ ಬಂದ ನೆಂಟ
ತಾನಾಗಿ ಮಾತೆತ್ತಲಿ ಎಂದು ಕಾಯುವ ಹಾಗೆ.

ಇಲ್ಲಿಯ ಗಾಳಿ ಎಷ್ಟು ಒಣ ಎಂದರೆ
ಕತ್ತಲಲ್ಲಿ ಸ್ವೆಟರ್ ಕಳಚಿದರೆ ಕಿಡಿ ಕಾಣುತ್ತದೆ.
ಗೋಡೆ ಉಣ್ಣೆ, ಹಾಸು ಉಣ್ಣೆ, ಮೈಮೇಲೆ ಉಣ್ಣೆ,
ನನ್ನ ಬೆರಳ ತುದಿಯಲ್ಲೇ ಸಿಡಿಲ ಮರಿ.
ಮುಟ್ಟಿದರೆ ಸಾಕು, ಸತ್ತುಹೋಗುವುದಂತೆ ಪ್ರೊಸೆಸರು,
ಸದ್ದಿಲ್ಲದೆ, ಗಾಯದ ಗುರುತಿಲ್ಲದೆ.
ಉಣ್ಣೆಯದೆಲ್ಲ ಕಳಚಿ, ಮಗನ ಹತ್ತಿ ಬನಿಯನ್ ತೊಟ್ಟು,
ಒಂದೊಂದು ಸ್ಕ್ರೂಗೂ ಮೊದಲು
ಪೆಟ್ಟಿಗೆಯ ಬರಿಯ ಕಬ್ಬಿಣ ಮುಟ್ಟಿದೆ.

ದುಲ್ಮಾ ನಕ್ಕಳು, ಇರುವ ನಾಲ್ಕು ಹಲ್ಲಿನಲ್ಲಿ:
"ಎಪ್ಪತ್ತೆಂಟು ವರ್ಷ ಕುರಿಯ ಮೂಳೆ ಬಿಡಿಸುವುದ ನೋಡಿದ್ದೇನೆ.
ಕೂಡಿಸುವವಳನ್ನು ನೋಡಿದ್ದು ಇವತ್ತೇ."

ಕೂಡಿಸುವುದು ನನಗೇನು ಹೊಸದೇ?
ಒಂದು ಗೆರ್ ಎಬ್ಬಿಸಲು ಒಂದೂವರೆ ಗಂಟೆ ಸಾಕು.
ಮೊದಲು ಬಾಗಿಲು, ಆಮೇಲೆ ಜಾಲರಿಗೋಡೆ,
ನಡುವೆ ಎರಡು ಕಂಬ, ನೆತ್ತಿಗೆ ಬೆಳಕಿನ ಚಕ್ರ,
ಎಂಬತ್ತೊಂದು ತೊಲೆ, ಒಂದೊಂದಕ್ಕೂ ಅದರದೇ ತೂತು.
ತಪ್ಪು ತೂತಿಗೆ ಹೊಕ್ಕರೆ
ಮನೆ ಇಡೀ ರಾತ್ರಿ ನರಳುತ್ತದೆ.
ಇಲ್ಲೂ ಅಷ್ಟೆ. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನ
ಸಾಕೆಟ್ಟಿನ ತ್ರಿಕೋನಕ್ಕೆ ಸರಿಬಂದಾಗ
ನಾನು ಒತ್ತಲೇ ಇಲ್ಲ, ತಾನೇ ಇಳಿಯಿತು.
ಸನ್ನೆ ಬಿಗಿದಾಗ ಮಾತ್ರ ಕರ್ರ್ ಎಂದಿತು,
ನನ್ನದೇ ಪಕ್ಕೆಲುಬು ಮುರಿದಂತಾಯಿತು.

ಗುಂಡಿ ಒತ್ತಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಮತ್ತೆ ಒತ್ತಿದೆ. ಕಪ್ಪು.
ಏಳು ತಿಂಗಳ ಹೊಲಿಗೆಯ ದುಡ್ಡು, ಕಪ್ಪು.
"ರೆಡಿಮೇಡ್ ತಗೋ ಅತ್ತಿಗೆ,
ಕೆಟ್ಟರೆ ಯಾರ ಹತ್ತಿರ ಹೋಗಿ ಅಳ್ತೀ?"
ಹೊಗೆಕೊಳವೆಯಲ್ಲಿ ಗೊಣಗುತ್ತಿತ್ತು ಮೈದುನನ ದನಿ.

ರಾತ್ರಿ ಒಂದಕ್ಕೆ ಎದ್ದು, ಒಲೆಗೆ ಕಲ್ಲಿದ್ದಲು ಹಾಕಿ,
ಟಾರ್ಚು ಹಿಡಿದು ಬಗ್ಗಿದೆ.
ರ್‍ಯಾಮಿನ ಒಂದು ತುದಿ
ಅಕ್ಕಿಕಾಳಿನಷ್ಟು ಮೇಲೆ.
ಕೂರಿಸಿದ್ದೇನೆ ಅಂದುಕೊಂಡಿದ್ದೆ, ಬರೀ ಒರಗಿಸಿದ್ದೆ.
ಹಗಲು ಹೆದರಿ ಒತ್ತಿದ್ದು, ಈಗ ಸಿಟ್ಟಿನಿಂದ ಒತ್ತಿದೆ.
ಟಕ್.

ಕಪ್ಪಿನ ಮೇಲೆ ಬಿಳಿ ಅಕ್ಷರ.
ಇವತ್ತು ಯಾವ ದಿನವೋ ಅದಕ್ಕೆ ಗೊತ್ತಿಲ್ಲವಂತೆ,
ಗಡಿಯಾರ ನೀನೇ ಹೊಂದಿಸು ಅಂದಿತು.
ಅದರ ಲೆಕ್ಕದಲ್ಲಿ ಜನವರಿ ಒಂದು,
ನನ್ನ ಗಂಡ ಇನ್ನೂ ಲಾರಿ ಓಡಿಸುತ್ತಿದ್ದ ವರ್ಷ.
ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಅಷ್ಟರಲ್ಲಿ ದುಲ್ಮಾ, ಕೈಯಲ್ಲಿ ಹಾಲಿನ ಬಟ್ಟಲು.
ಹೊಸ ಮನೆಯೋ ಕುದುರೆಯೋ ಲಾರಿಯೋ
ಹಾಲು ಸೋಕದೆ ನಮ್ಮಲ್ಲಿ ಯಾವುದೂ ಶುರುವಾಗುವುದಿಲ್ಲ.
ಅಡ್ಡ ನಿಂತೆ: "ಸುಟ್ಟುಹೋಗುತ್ತದೆ!"
"ಹಾಲಿಗೆ ಸುಡುವುದೆಂದರೆ ಅದೆಂಥ ಬಾಳು?"
ಮಗ ಮಲಗಿದ್ದಾನೆ, ಪಿಸುದನಿಯಲ್ಲೇ ಜಗಳ.
ಕೊನೆಗೆ ಬೆಣ್ಣೆಗೆ ರಾಜಿ:
ಹೊರಗಡೆ, ಜಜ್ಜಿದ ಮೂಲೆಗೆ,
ಉಂಗುರಬೆರಳಿನಿಂದ ಒಂದೇ ಬೊಟ್ಟು.

ಆಮೇಲೆ ಕನ್ನಡಕ ಹಾಕಿ ಪರದೆಗೆ ಬಗ್ಗಿದಳು.
ಬಾಣದ ಗುರುತಿನ ಕೀ ಒತ್ತುತ್ತ ಹೋದೆ,
ವರ್ಷಗಳು ಒಂದೊಂದಾಗಿ ಏರಿದವು.
ಆ ಒಂದು ವರ್ಷ ದಾಟುವಾಗ
ತಾಯಿಯೂ ಮಾತಾಡಲಿಲ್ಲ, ನಾನೂ.
ಇವತ್ತಿಗೆ ಬಂದು ನಿಂತಾಗ
ಎಂಟರ್ ಅವಳೇ ಒತ್ತಿದಳು,
ಬೆಣ್ಣೆಯ ಬೆರಳಲ್ಲೇ.